ರವಿವಾರದ ರೊಟ್ಟಿ

ವಿಜಯಪುರದ ಇಬ್ರಾಹಿಂಪುರದಲ್ಲಿ ರೈಲ್ವೆ ಹಳಿಯ ಈಚೆಗೆ ರುಕ್ಮವ್ವನ ರೊಟ್ಟಿ ತಿನ್ನದವರಿಲ್ಲ, ಬೈಗುಳ ತಿನ್ನದವರೂ ಇಲ್ಲ. ರೊಟ್ಟಿ ಎಷ್ಟು ತೆಳುವೋ ಬಾಯಿ ಅಷ್ಟೇ ಹರಿತ. ಖಾನಾವಳಿಯ ಅಯೂಬ ದಿನಾ ಬೆಳಿಗ್ಗೆ ರೊಟ್ಟಿಯ ಗಂಟು ಒಯ್ಯಲು ಬಂದಾಗ ದೂರದಿಂದಲೇ ಕೈಮುಗಿಯುತ್ತಿದ್ದ.

"ಇವತ್ತ ಬರೇ ರೊಟ್ಟಿ ಕೊಡ್ರಿ ಯಕ್ಕಾ. ನಿನ್ನೆ ಬೈದದ್ದು ಇನ್ನೂ ಕರಗಿಲ್ಲ."

"ನಿನ್ನ ಖಾನಾವಳಿ ಸಾರು ಉಂಡವರಿಗೆ ನನ್ನ ಬೈಗಳಾನ ಔಷಧ," ಎಂದು ಇವಳು ಹಂಚಿನ ಮೇಲಿಂದ ಕಣ್ಣೆತ್ತದೆ ಹೇಳುತ್ತಿದ್ದಳು.

ಗಂಡ ಮರೆಪ್ಪ ಟಂಟಂ ರಿಕ್ಷಾ ಓಡಿಸುತ್ತಿದ್ದ. ಅವನಿಗೆ ಒಂದು ಕಿವಿ ಕೇಳಿಸುವುದಿಲ್ಲವೆಂದು ಓಣಿಯಲ್ಲಿ ಮಾತಿತ್ತು. ಯಾವ ಕಿವಿಯಪ್ಪಾ ಎಂದು ಕೇಳಿದರೆ, ಆಕೆ ಯಾವ ಕಡೆ ಕೂತಿರುತ್ತಾಳೋ ಆ ಕಿವಿ ಎನ್ನುತ್ತಿದ್ದ. ಹತ್ತು ವರ್ಷದ ಹಿಂದೆ ರುಕ್ಮವ್ವ ಜ್ವರ ಬಂದು ಇಪ್ಪತ್ತು ದಿನ ಮಲಗಿದಾಗ ಓಣಿಯ ಬೋರವ್ವ ಎಂಬ ಮುದುಕಿ ಬಂದು ತಲೆಯ ಬಳಿ ಕೂತು ಗಂಜಿ ಕುಡಿಸಿದ್ದಳು, ಯೇಸುವಿನ ಹೆಸರಿನಲ್ಲಿ ಪ್ರಾರ್ಥನೆ ಮಾಡಿದ್ದಳು. ಎದ್ದ ಮೇಲೆ ರುಕ್ಮವ್ವ ಆ ಮುದುಕಿಯ ಹಿಂದೆಯೇ ಪ್ರಾರ್ಥನಾ ಮಂದಿರಕ್ಕೆ ಹೋದಳು, ವರ್ಷದೊಳಗೆ ದೀಕ್ಷಾಸ್ನಾನವನ್ನೂ ಪಡೆದಳು. ಇನ್ನಾದರೂ ಬಾಯಿ ಮೆತ್ತಗಾದೀತು ಎಂದು ಓಣಿಗೆ ಓಣಿಯೇ ಕಾದಿತ್ತು. ಆಗಲಿಲ್ಲ. "ನೀರಾಗ ಮುಳುಗಸೂ ಮುಂದ ಬಾಯಿ ಮುಚ್ಚಿದ್ಲು. ನಾಲಿಗಿಗೆ ನೀರು ಮುಟ್ಟೇ ಇಲ್ಲ," ಎಂದು ಮರೆಪ್ಪ ತನ್ನ ತೀರ್ಪು ಕೊಟ್ಟ.

ನಗೆ ಹೊರಗಿನವರದು. ರುಕ್ಮವ್ವನಿಗೆ ಅದು ನಗೆಯಲ್ಲ. ರವಿವಾರ ಮೊಣಕಾಲೂರಿ ಕಣ್ಣೀರು ಹಾಕುವುದು, ಸೋಮವಾರ ನಳದ ಹತ್ತಿರ ಕೊಡ ಎತ್ತಿ ಜಗಳಕ್ಕೆ ನಿಲ್ಲುವುದು. ತಾನು ಸುಳ್ಳು ವಿಶ್ವಾಸಿಯೇ ಏನೋ, ಯೇಸುಸ್ವಾಮಿ ಸುಮ್ಮನೆ ತನ್ನನ್ನು ಸಹಿಸಿಕೊಂಡಿದ್ದಾನೇನೋ ಎಂಬ ಅಂಜಿಕೆ ಅವಳ ಎದೆಯಲ್ಲಿ ಹತ್ತು ವರ್ಷದಿಂದ ಇತ್ತು.

ಅವರ ಮಂದಿರ ತಗಡಿನ ಮಾಡಿನದು. ನಲವತ್ತು ಜನ ಕೂತರೆ ತುಂಬಿತು. ತಿಂಗಳ ಮೊದಲ ರವಿವಾರ ಪ್ರಭುಭೋಜನ, ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿ ಮುರಿದು ಹಂಚಿಕೊಳ್ಳುವ ಪಂಕ್ತಿ. ಬೇರೆ ಕಡೆ ಬೇಕರಿಯ ಬ್ರೆಡ್ಡು ತಂದು ಮುರಿಯುತ್ತಾರಂತೆ, ಇಲ್ಲಿ ಮೊದಲಿನಿಂದಲೂ ಜೋಳದ ರೊಟ್ಟಿ. ಇಪ್ಪತ್ತು ವರ್ಷ ಅದನ್ನು ಮಾಡಿದವಳು ಬೋರವ್ವ. ಮಾಡುವವಳಿಗೆ ಒಂದು ಕಟ್ಟಳೆಯೂ ಇತ್ತು. ಆ ಹೊತ್ತಿಗೆ ಅವಳು ಯಾರೊಂದಿಗೆ ಮಾತು ಮುರಿದುಕೊಂಡಿದ್ದಾಳೋ ಅವರ ಮನೆಗೆ ಹೋಗಿ, ತಪ್ಪು ಒಪ್ಪಿ, ಮಾತು ಕೂಡಿಸಿಕೊಂಡು ಬಂದೇ ಹಿಟ್ಟಿಗೆ ಕೈ ಹಚ್ಚಬೇಕು. ಬೋರವ್ವ ಇದನ್ನು ಎಷ್ಟು ಕಟ್ಟುನಿಟ್ಟಾಗಿ ನಡೆಸಿದಳೆಂದರೆ, ಒಮ್ಮೆ ಶನಿವಾರ ಮಧ್ಯಾಹ್ನ ಹಾಲು ಮಾರುವ ಗೈಬುಸಾಬನನ್ನು ಹುಡುಕಿಕೊಂಡು ಸ್ಟೇಷನ್ನಿನವರೆಗೂ ನಡೆದಿದ್ದಳು, "ಬುಧವಾರ ನಿನ್ನ ಹಾಲಿಗೆ ನೀರಂದಿದ್ದೆ ಯಪ್ಪಾ, ತಪ್ಪಾತು" ಎನ್ನಲಿಕ್ಕೆ. ಗೈಬುಸಾಬ ಗಾಬರಿಯಾಗಿ, ನೀರು ಹಾಕಿದ್ದು ನಿಜವೆಂದು ಅವನೇ ಒಪ್ಪಿಕೊಂಡನಂತೆ.

ಈಗ ಬೋರವ್ವನಿಗೆ ಎರಡೂ ಕಣ್ಣು ಹೋಗಿದ್ದವು. ಫೆಬ್ರುವರಿಯ ಕೊನೆಯ ರವಿವಾರ ಆರಾಧನೆ ಮುಗಿದ ಮೇಲೆ ಪಾಸ್ಟರ್ ಸಮಾಧಾನಪ್ಪ ಎದ್ದು ನಿಂತು, "ಮುಂದಿನ ವಾರದಿಂದ ಪಂಕ್ತಿಯ ರೊಟ್ಟಿ ರುಕ್ಮವ್ವ ಮಾಡ್ತಾರ್ರಿ, ಬೋರವ್ವಾಯಿನ ಹೇಳ್ಯಾರ" ಎಂದರು. ಹೆಂಗಸರ ಸಾಲಿನಲ್ಲಿ ಒಂದಿಬ್ಬರು ಕೆಮ್ಮಿದರು.

ರುಕ್ಮವ್ವನ ಕಣ್ಣ ಮುಂದೆ ಬಂದದ್ದು ಒಂದೇ ಮನೆ. ಕಳ್ಳಕವಟಗಿಯಲ್ಲಿರುವ ತಮ್ಮನ ಮನೆ.

ತಮ್ಮ ರಾಜಾರಾಮ ತೀರಿಕೊಂಡು ಎರಡು ವರ್ಷ. ಅವತ್ತು ಅಂಗಳದಲ್ಲಿ ಹೆಣ ಮಲಗಿಸಿದ್ದಾಗ ರುಕ್ಮವ್ವ ಬಂದವಳೇ, ತಲೆಗೆದರಿ ಕೂತಿದ್ದ ತಮ್ಮನ ಹೆಂಡತಿ ಮಾಲಾಳ ಕಡೆ ಕೈ ಮಾಡಿ, ಊರ ಹೆಂಗಸರೆಲ್ಲ ಕೇಳುವಂತೆ ಅಂದಿದ್ದಳು: "ನನ್ನ ತಮ್ಮನ್ನ ನೀನ ತಿಂದಿ! ದವಾಖಾನಿಗೆ ಒಯ್ಯದ ಮನ್ಯಾಗ ಇಟ್ಕೊಂಡು ತಿಂದಿ!"

ಸಾವಿನ ಮನೆಯಲ್ಲಿ ನೂರು ಮಾತು ಬರುತ್ತವೆ, ಮಣ್ಣಿನ ಜೊತೆ ಮುಚ್ಚಿಹೋಗುತ್ತವೆ. ಈ ಮಾತು ಮುಚ್ಚಿಹೋಗಲಿಲ್ಲ. ಗಂಡನ್ನ ತಿಂದಾಕಿ ಎಂಬ ಹೆಸರು ಮಾಲಾಳಿಗೆ ಅಂಟಿತು. ಮದುವೆಗೆ ಕರೆಯುವವರು ಅವಳ ಮನೆ ದಾಟಿ ಮುಂದಿನ ಮನೆಗೆ ಹೋಗತೊಡಗಿದರು.

ಆದರೆ ನಿಜವಾದ ಮುಳ್ಳು ಬೇರೆ, ಅದು ರುಕ್ಮವ್ವನೊಬ್ಬಳಿಗೇ ಗೊತ್ತು. ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ರಾಜಾರಾಮ ಅವಳಿಗೆ ಫೋನು ಮಾಡಿದ್ದ. "ಯಕ್ಕಾ, ಎದಿ ಉರಿಯಾಕತ್ತೈತಿ. ಬೆವರು ಬರಾಕತ್ತೈತಿ. ಮಾಲಾ ಟಿಕೋಟಾ ದವಾಖಾನಿಗೆ ಹೋಗೂನು ಅಂತಾಳ." ಇವಳು ಎರಡು ಹಂಚಿನ ನಡುವೆ ಕೂತಿದ್ದಳು, ಅಯೂಬ ಹೊರಗೆ ಕಾಯುತ್ತಿದ್ದ. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿಕೊಂಡು ಹೇಳಿದ್ದಳು: "ಸಂತ್ಯಾಗ ಮಿರ್ಚಿಭಜಿ ತಿಂದಿರತಿ, ಪಿತ್ತ ಅದು. ಒಂದ ಗಿಲಾಸ ಮಜ್ಜಗಿ ಕುಡದು ಬಿದ್ಕೋ. ಹೆಂಡತಿ ಮಾತ ಕೇಳಿ ದವಾಖಾನಿಗೆ ಓಡಬ್ಯಾಡ, ಆಕಿಗೇನ ತಿಳಿತೈತಿ?" ತಾಯಿ ಸತ್ತ ಮೇಲೆ ಅಕ್ಕನೇ ತಾಯಿ ಎಂದು ಬೆಳೆದ ತಮ್ಮ. ಹೇಳಿದಂತೆ ಮಜ್ಜಿಗೆ ಕುಡಿದು ಮಲಗಿದ. ಹನ್ನೊಂದರ ಹೊತ್ತಿಗೆ ಜೀಪು ತರಿಸಿ ಹೊರಟರೂ ಟಿಕೋಟಾ ಮುಟ್ಟಲಿಲ್ಲ.

ಅಂಗಳದಲ್ಲಿ ಆ ಹೆಣ ನೋಡಿದಾಗ ಅವಳ ಬಾಯಿಗೆ ಬಂದದ್ದು "ನಾನೇ ಕೊಂದೆ" ಎಂಬ ಮಾತು. ಅದು ಹೊರಬೀಳದಿರಲೆಂದು ಮತ್ತೊಂದು ಮಾತನ್ನು ಎತ್ತಿ ಮಾಲಾಳ ಮೇಲೆ ಎಸೆದಳು. ಎರಡು ವರ್ಷದಿಂದ ಪ್ರಾರ್ಥನೆಯಲ್ಲೂ ಅವಳು ಆ ಒಂಬತ್ತು ಗಂಟೆಯ ಫೋನನ್ನು ಹೆಸರಿಸಿರಲಿಲ್ಲ. ದೇವರಿಗೆ ಎಲ್ಲ ಗೊತ್ತಿರುತ್ತದಲ್ಲ, ಮತ್ತೇಕೆ ಹೇಳಬೇಕು ಎಂದು ದಾಟಿಸಿಬಿಡುತ್ತಿದ್ದಳು. ಗೊತ್ತಿದ್ದವನಿಗೆ ಹೇಳುವುದೇ ಕಷ್ಟ, ಇದು ಯಾರಿಗೆ ಗೊತ್ತಿಲ್ಲ!

ಗುರುವಾರ ಬೆಳಿಗ್ಗೆ ಹತ್ತು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಕಳ್ಳಕವಟಗಿಯ ಬಸ್ಸು ಹತ್ತಿದಳು. ಮಾಲಾ ಪಡಸಾಲೆಯಲ್ಲಿ ಮೊರ ಹಿಡಿದು ಹೊಸ ಜೋಳ ಹಸನು ಮಾಡುತ್ತಿದ್ದಳು. ಆ ಸೀಮೆಯಲ್ಲಿ ವೈರಿ ಬಂದರೂ ಮೊದಲು ನೀರು ಕೊಡಬೇಕು. ಮಾಲಾ ತಂಬಿಗೆ ತಂದಿಟ್ಟು, "ಬರ್ರಿ ಅಕ್ಕಾರ, ಕುಂಡ್ರಿ" ಎಂದಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಒಳಗಿನಿಂದ ಮಗಳು ನಿರ್ಮಲಾ ಇಣುಕಿದಳು. ಏಳು ತಿಂಗಳ ಬಸುರಿ. ಗಂಡನ ಮನೆ ಸಾರವಾಡದಿಂದ ತವರಿಗೆ ಬಂದಿದ್ದಳು.

ರುಕ್ಮವ್ವ ಬಸ್ಸಿನಲ್ಲಿ ಕೂಡಿಸಿಕೊಂಡು ಬಂದಿದ್ದ ಮಾತನ್ನೆಲ್ಲ ಒಂದೇ ಉಸಿರಿಗೆ ಸುರಿದಳು. "ಮಾಲಾ, ಅವತ್ತ ನಾ ಸಿಟ್ಟಿನ್ಯಾಗ ಏನೇನೋ ಅಂದೆ. ಮರತುಬಿಡವಾ. ರವಿವಾರ ನಮ್ಮ ಮಂದಿರದಾಗ ಪಂಕ್ತಿ ರೊಟ್ಟಿ ನಾನ ಮಾಡಬೇಕು. ಮಾಡಾಕಿ ಯಾರ ಜೋಡಿನೂ ಮಾತ ಮುರಕೊಂಡಿರಬಾರದು ಅಂತೈತಿ. ಅದಕ್ಕ ಬಂದೀನಿ."

ಮಾಲಾಳ ಮೊರ ನಿಂತಿತು. "ಅಂದ್ರ ರೊಟ್ಟಿ ಸಲುವಾಗಿ ಬಂದ್ರಿ. ನನ್ನ ಸಲುವಾಗಿ ಅಲ್ಲ."

"ಹಂಗಲ್ಲ..."

"ಶನಿವಾರ ನಿರ್ಮಲಾನ ಕುಬಸ ಐತ್ರಿ ಅಕ್ಕಾರ. ಹಸರ ಸೀರಿ ಉಡಿಸಿ ಊರ ಮಂದಿ ಮುಂದ ಆಕಿ ಉಡಿ ತುಂಬೂ ದಿನ. ಸಾರವಾಡದ ಬೀಗತಿ ಫೋನ್ ಮಾಡಿ ಏನಂದಾರ ಗೊತ್ತೈತೇನು? ತಾಯಿ ಉಡಿ ಮುಟ್ಟೂದು ಬ್ಯಾಡ, ಅಡಗಿಮನ್ಯಾಗ ಇರ್ಲಿ ಅಂದಾರ. ಗಂಡ ಸತ್ತಾಕಿ ಅಂತ ಅಷ್ಟ ಅಂದಿದ್ರ ನಾ ಸುಮ್ಮನಿರ್ತಿದ್ದೆ. ತಿಂದಾಕಿ ಕೈ ಕೂಸಿಗೆ ಬ್ಯಾಡ ಅಂದಾರ."

ಇದೇ ಹೊತ್ತು ಬಾಯಿಬಿಟ್ಟು ನಿಜ ಹೇಳಬೇಕಿತ್ತು. ಮಾತು ಗಂಟಲವರೆಗೆ ಬಂತು. ಆದರೆ ಎಂದಿನ ನಾಲಿಗೆ ಅದಕ್ಕಿಂತ ಮುಂದೆ ಓಡಿತು. "ನಾ ಒಬ್ಬಾಕಿ ಅಂದದ್ದಕ್ಕ ಎಲ್ಲಾ ಆತೇನು? ನೀನೂ ಅವನ್ನ ಜರಾ ಲಗೂನ ಕರಕೊಂಡ ಹೋಗಿದ್ರ..."

ಮಾಲಾ ಎದ್ದು ನಿಂತಳು. ಏನೋ ಹೇಳಲೆಂದು ಬಾಯಿ ತೆರೆದು, ಮುಚ್ಚಿಕೊಂಡಳು. ಆಮೇಲೆ ಬಹಳ ಮೆಲ್ಲಗೆ ಹೇಳಿದಳು: "ಏಳ್ರಿ ಅಕ್ಕಾರ. ಬಸ್ ಬರೂ ಹೊತ್ತಾತು. ರೊಟ್ಟಿ ಗಂಟು ಮರೀಬ್ಯಾಡ್ರಿ."

ಕುಬಸಕ್ಕೆ ಬಾ ಎನ್ನಲಿಲ್ಲ. ಅಪ್ಪನನ್ನು ತಾಯಿಯಂತೆ ಬೆಳೆಸಿದ ಸೋದರತ್ತೆಯನ್ನು ಕುಬಸಕ್ಕೆ ಕರೆಯದಿರುವುದೆಂದರೆ ಸಂಬಂಧ ಹರಿದು ಕೈಗಿಟ್ಟಂತೆ. ರುಕ್ಮವ್ವ ತಂದ ಗಂಟನ್ನು ಹಾಗೆಯೇ ಹೊತ್ತು ವಿಜಯಪುರಕ್ಕೆ ಮರಳಿದಳು. ದಾರಿಯುದ್ದಕ್ಕೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ತನ್ನನ್ನೇ ಬೈದುಕೊಂಡಳು. ತನ್ನನ್ನು ಬೈಯುವಾಗಲೂ ಅವಳ ಬೈಗುಳ ಚೆನ್ನಾಗಿಯೇ ಇದ್ದವು.

ಮರುದಿನ ಇಳಿಹೊತ್ತಿಗೆ ಬೋರವ್ವನ ಮನೆಗೆ ಹೋದಳು. ಮುದುಕಿ ಬಾಗಿಲಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಹೆಜ್ಜೆಯ ಸಪ್ಪಳಕ್ಕೇ, "ರುಕ್ಮೀ, ಕಾಲ ಎಳಕೋತ ಬರಾಕತ್ತಿ. ಕೆಲಸ ಕೆಟ್ಟೈತಿ ಹಂಗಾರ" ಎಂದಳು.

"ಆಯೀ, ರೊಟ್ಟಿ ಕೆಲಸ ಬ್ಯಾರೇದವರಿಗೆ ಕೊಡ್ರಿ. ನಾ ಮಾಡಾಕ ಯೋಗ್ಯಳಲ್ಲ."

"ಹೂಂ. ಅದು ನನಗ ಗೊತ್ತೈತಿ. ಮುಂದ ಹೇಳು."

ರುಕ್ಮವ್ವ ಅಷ್ಟನ್ನು ನಿರೀಕ್ಷಿಸಿರಲಿಲ್ಲ. ಸಮಾಧಾನ ಸಿಕ್ಕೀತು ಎಂದು ಬಂದವಳು ತಬ್ಬಿಬ್ಬಾಗಿ ಕೂತಳು. ಆಮೇಲೆ, ಯಾಕೆಂದು ಅವಳಿಗೂ ತಿಳಿಯಲಿಲ್ಲ, ಒಂಬತ್ತು ಗಂಟೆಯ ಫೋನು ಹೊರಗೆ ಬಂತು. ಮಿರ್ಚಿಭಜಿ, ಮಜ್ಜಿಗೆ, ಆಕಿಗೇನ ತಿಳಿತೈತಿ ಎಂದದ್ದು, ನಿನ್ನೆ ಪಡಸಾಲೆಯಲ್ಲಿ ಆದದ್ದು, ಕುಬಸದ ಮಾತು, ಎಲ್ಲ. ಹೇಳುತ್ತ ಹೇಳುತ್ತ ಬಿಕ್ಕಿದಳು, ಮೂಗು ಸೀಟಿಕೊಂಡು ಮತ್ತೆ ಹೇಳಿದಳು.

ಬೋರವ್ವ ಕೇಳಿ ಮುಗಿಸಿ, ಕೈ ಚಾಚಿ ಅವಳ ಮೊಣಕಾಲು ಹುಡುಕಿ ಹಿಡಿದಳು. "ಈ ಮಾತ ನನಗ್ಯಾಕ ಹೇಳಿದಿ? ನಾ ಕುರುಡಿ, ನನ್ನ ಮುಂದ ಹೇಳೂದು ಸಸಾರ. ನೋಡೂ ಕಣ್ಣಿರೂವಲ್ಲಿ ಹೋಗಿ ಹೇಳು."

"ಹೋಗಿದ್ದೆನಲ್ಲ! ಬಾಯಿ ಹೊಳ್ಳೇ ಬಿಡ್ತು. ಹತ್ತ ವರ್ಷ ಆತು ಆಯೀ, ನನ್ನಾಗ ಏನೂ ಬದಲಾಗಿಲ್ಲ. ನನ್ನಂಥಾಕಿ ಕೈಲೆ ಆ ರೊಟ್ಟಿ ಮಾಡಿಸಿದ್ರ ಸ್ವಾಮಿ ಒಪ್ತಾನೇನು?"

"ಸ್ವಾಮಿ ಕಡೀ ಸಲ ಯಾರ ಜೋಡಿ ಉಂಡ ಹೇಳು. ಒಬ್ಬಾಂವ ಹಿಡಕೊಡಾಂವ. ಒಬ್ಬಾಂವ ನನಗವನ ಗುರ್ತೇ ಇಲ್ಲ ಅನ್ನಾಂವ. ಉಳಿದವರು ಎದ್ದು ಓಡಾವ್ರು. ಎಲ್ಲಾ ಗೊತ್ತಿದ್ದೂ ಅವರಿಗೆ ರೊಟ್ಟಿ ಮುರದು ಕೊಟ್ಟ. ಆ ಪಂಕ್ತ್ಯಾಗ ನಿನಗ ಜಾಗ ಸಾಲೂದಿಲ್ಲೇನು? ಇಪ್ಪತ್ತ ವರ್ಷ ನಾ ಯೋಗ್ಯಳಾಗಿ ಮಾಡಿಲ್ಲ ರುಕ್ಮೀ. ಮಾಡು ಅಂದ್ರು, ಮಾಡ್ದೆ. ಅದು ಮುರಿಯಾಕ ಮಾಡೂ ರೊಟ್ಟಿ, ಚಂದ ದುಂಡಗ ಇಡಾಕ ಅಲ್ಲ."

ಮುದುಕಿ ಮುಂದುವರಿಸಿದಳು, ದನಿ ಈಗ ಖಡಕ್ಕಾಗಿತ್ತು.

"ಇನ್ನೊಂದ ಹೇಳ್ತೀನಿ. ನಾಲಿಗಿ ಹರಿತ ಐತಿ ಅಂತ ಅಳಾಕತ್ತಿ. ಇಷ್ಟ ವರ್ಷ ಮಂದಿ ಮ್ಯಾಲೆ ಬೀಸಿದಿ. ಒಮ್ಮೆರೆ ನಿನ್ನ ಮ್ಯಾಲೆ ಬೀಸು. ಮಾತ ಎಲ್ಲಿ ಅಂದಿದ್ದಿ?"

"ಅಂಗಳದಾಗ. ಎಲ್ಲಾರ ಮುಂದ."

"ಮತ್ತ ಪಡಸಾಲ್ಯಾಗ ಹೋಗಿ ಕಿವಿಯೊಳಗ ಹೇಳಿದ್ರ ಹೆಂಗ ಹೊಳ್ಳಿ ಬಂದೀತು ಅದು? ಎದ್ದು ಹೋಗು. ಕುಬಸ ನಾಳಿ ಐತೆಲ್ಲ?"

ಶನಿವಾರ ರುಕ್ಮವ್ವ ಒಲೆ ಹಚ್ಚಲಿಲ್ಲ. ಅಯೂಬನಿಗೆ ಇವತ್ತು ರೊಟ್ಟಿ ಇಲ್ಲವೆಂದಳು. ಅವನು ಯಾಕೆಂದು ಕೇಳಲು ಹೋಗಿ, ಅವಳ ಮುಖ ನೋಡಿ ಹಾಗೇ ಹೊರಟ. ಬಾಜಾರದಿಂದ ತಂದಿದ್ದ ಹಸಿರು ಕುಪ್ಪಸದ ಖಣವನ್ನು ಚೀಲಕ್ಕೆ ಹಾಕಿಕೊಂಡು, ಹೊಸ್ತಿಲಲ್ಲಿ ನಿಂತು ಕಣ್ಣು ಮುಚ್ಚಿದಳು. ಉದ್ದದ ಪ್ರಾರ್ಥನೆ ಬರಲಿಲ್ಲ. "ಸ್ವಾಮೀ, ನನ್ನ ಬಾಯಿ ನಿನಗ ಗೊತ್ತೈತಿ. ಇವತ್ತ ಒಂದ ನಿಜ ಹೇಳೂತನಕ ಅದನ್ನ ಹಿಡಕೋ. ಅಷ್ಟ ಸಾಕು."

ಕರೆಯದ ಮನೆಗೆ ಹೋಗುವವಳಿಗೆ ದಾರಿ ಉದ್ದ. ಟಿಕೋಟಾದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಎದುರಿಗೇ ವಿಜಯಪುರಕ್ಕೆ ಮರಳುವ ಬಸ್ಸು ಎಂಜಿನು ಚಾಲೂ ಇಟ್ಟು ನಿಂತಿತ್ತು, ಬಾಗಿಲು ಇವಳ ಕಡೆಗೇ ತೆರೆದಿತ್ತು. ಇಳಿದು ಎಂಟು ಹೆಜ್ಜೆ ಹಾಕಿದರೆ ಮುಗಿಯಿತು. ತುಂಬಿದ ಅಂಗಳದಲ್ಲಿ ಮಾನ ಕಳೆದುಕೊಳ್ಳುವುದು ತಪ್ಪುತ್ತಿತ್ತು, ರೊಟ್ಟಿಯನ್ನು ಬೇರೆ ಯಾರೋ ಮಾಡುತ್ತಿದ್ದರು, ಲೋಕವೇನೂ ಮುಳುಗುತ್ತಿರಲಿಲ್ಲ. ರುಕ್ಮವ್ವ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಳು. "ಇಳಿಯೂದಿಲ್ಲ" ಎಂದು ಗಟ್ಟಿಯಾಗಿಯೇ ಅಂದಳು. ಪಕ್ಕದಲ್ಲಿ ಕೂತವಳು, "ನಾ ಎಲ್ಲಿ ಇಳೀರಿ ಅಂದೆ?" ಎಂದು ಗಾಬರಿಯಾದಳು. ಬಸ್ಸು ಹೊರಡುವವರೆಗೂ ರುಕ್ಮವ್ವ ಕಂಬಿ ಬಿಡಲಿಲ್ಲ.

ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಹಸಿರು ಸೀರೆ, ಹಸಿರು ಬಳೆ, ತಲೆತುಂಬ ಮಲ್ಲಿಗೆ ದಂಡೆಯೊಂದಿಗೆ ನಿರ್ಮಲಾ ಕುರ್ಚಿಯ ಮೇಲೆ ಕೂತಿದ್ದಳು. ಹೆಂಗಸರು ಹಾಡು ಹೇಳುತ್ತಿದ್ದರು. ಸಾರವಾಡದ ಬೀಗತಿ ರೇಣುಕಾ ಅಕ್ಕಿ, ಕೊಬ್ಬರಿ, ಉತ್ತತ್ತಿಯ ತಟ್ಟೆ ಹಿಡಿದು ಮುಂದೆ ನಿಂತಿದ್ದಳು. ಮಾಲಾ ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಹಿಟ್ಟಿನ ಕೈಯಲ್ಲಿ ನಿಂತು ಮಗಳನ್ನು ನೋಡುತ್ತಿದ್ದಳು. ಹೊಸ್ತಿಲು ದಾಟಿರಲಿಲ್ಲ.

ರುಕ್ಮವ್ವ ಒಳಗೆ ಬಂದದ್ದೇ ಹಾಡು ತಾನಾಗಿಯೇ ನಿಂತಿತು. "ಬಂದ್ಲ ನೋಡು ಅತ್ತಿ, ಇವತ್ತ ಯಾರನ್ನ ತಿಂದಾಕಿ ಅಂತಾಳೋ" ಎಂದು ಮುದುಕಿ ಪರಸವ್ವ ಪಿಸುಗುಟ್ಟಿದಳು. ಪಿಸುಮಾತು ಎಲ್ಲರಿಗೂ ಕೇಳಿಸಿತು.

"ನೀವೆಲ್ಲಾ ಇದ್ದೀರಿ, ಛಲೋ ಆತು," ಎಂದಳು ರುಕ್ಮವ್ವ. "ನನ್ನ ತಮ್ಮ ಸತ್ತ ದಿನ ಇದ ಅಂಗಳದಾಗ ನೀವ ಇದ್ರಿ. ಮಾಲಾ ಗಂಡನ್ನ ತಿಂದಾಳ ಅಂತ ನಾ ಅಂದೆ, ನೀವ ಕೇಳಿದ್ರಿ. ಇವತ್ತ ಇನ್ನೊಂದ ಕೇಳ್ರಿ. ಅವತ್ತ ಮುಂಜಾನೆ ಅಂವ ನನಗ ಫೋನ್ ಮಾಡಿದ್ದ. ಎದಿ ಉರಿತೈತಿ ಅಂದ. ನಾ... ನಾ ಕೆಲಸದಾಗಿದ್ದೆ, ನನಗೇನ ಗೊತ್ತಿತ್ತು..."

ನಿಂತಳು. ನಾಲಿಗೆ ಮತ್ತೆ ಹಳೆಯ ದಾರಿ ಹಿಡಿಯುತ್ತಿತ್ತು, ತನ್ನನ್ನು ಉಳಿಸಿಕೊಳ್ಳುವ ದಾರಿ. ಅವಳಿಗೆ ಅದು ಗೊತ್ತಾಯಿತು, ಸಿಟ್ಟೂ ಬಂತು. ಆ ಸಿಟ್ಟನ್ನೇ ಹಿಡಿದು ತನ್ನ ಕಡೆ ತಿರುಗಿಸಿದಳು.

"ಇಲ್ಲ. ಹಂಗಲ್ಲ. ಕೇಳ್ರಿ. ಮಾಲಾ ದವಾಖಾನಿಗೆ ಹೋಗೂನು ಅಂದಿದ್ಲು. ಬ್ಯಾಡ ಅಂದಾಕಿ ನಾನು. ಪಿತ್ತ, ಮಜ್ಜಗಿ ಕುಡದು ಬಿದ್ಕೋ ಅಂದಾಕಿ ನಾನು. ಆಕಿಗೇನ ತಿಳಿತೈತಿ ಅಂದೆ. ಆಕಿಗೇ ತಿಳದಿತ್ತು, ನನಗ ತಿಳೀಲಿಲ್ಲ. ನನ್ನ ಮಾತ ಕೇಳಿ ಅಂವ ಮಲಗಿದ. ನನ್ನ ತಪ್ಪ ಮುಚ್ಚಾಕ ಆಕಿ ತಲಿ ಮ್ಯಾಲೆ ಹೊರಿಸಿದೆ. ಎರಡ ವರ್ಷ ನೀವು ಆಕಿನ್ನ ಏನೇನ ಅಂದೀರಿ, ಅದೆಲ್ಲಾ ನನಗ ಅನ್ರಿ. ನಿಂತೀನಿ."

ಪರಸವ್ವ ಸೆರಗನ್ನು ಬಾಯಿಗಿಟ್ಟುಕೊಂಡಳು. ಕುರ್ಚಿಯ ಮೇಲೆ ನಿರ್ಮಲಾ ಅಳುತ್ತಿದ್ದಳು.

ಚೌಕಟ್ಟಿನಿಂದ ಮಾಲಾಳ ದನಿ ಬಂತು. "ನನಗ ಗೊತ್ತಿತ್ರಿ ಅಕ್ಕಾರ."

ರುಕ್ಮವ್ವ ತಿರುಗಿದಳು.

"ನೀವು ಫೋನಿನ್ಯಾಗ ಅಂದದ್ದು ನನಗ ಕೇಳಸ್ತಿತ್ತು, ಬಾಜೂಕ ಕುಂತಿದ್ದೆ. ಜೀಪಿನ್ಯಾಗ ನನ್ನ ತೊಡಿ ಮ್ಯಾಲೆ ತಲಿ ಇಟ್ಟು ಅವರು ಒಂದ ಮಾತ ಹೇಳಿದ್ರು. ಯಕ್ಕಗ ಇದನ್ನ ಅನಬ್ಯಾಡ. ಆಕಿ ಬಾಯಿ ದೊಡ್ಡದು, ಎದಿ ಸಣ್ಣದು, ತಡಕೊಳ್ಳೂದಿಲ್ಲ ಅಂದ್ರು. ಅದಕ್ಕ ಅನ್ನಲಿಲ್ಲ. ನೀವಾಗೇ ಬಂದು ಹೇಳ್ತೀರಿ ಅಂತ ಎರಡ ವರ್ಷ ದಾರಿ ನೋಡಿದೆ. ಮೊನ್ನೆ ಬಂದ್ರಿ, ಹೇಳದ ಹೋದ್ರಿ. ಅವತ್ತ ನನ್ನ ಬಾಯಿ ತುದಿಗೆ ಬಂದಿತ್ತು."

ರುಕ್ಮವ್ವ ಅಂಗಳದ ನಡುವೆಯೇ ಕುಸಿದು ಕೂತಳು. ಮುಚ್ಚಿಟ್ಟಿದ್ದೇನೆಂದು ತಾನು ತಿಳಿದಿದ್ದನ್ನು ಮತ್ತೊಬ್ಬಳು ತನಗಾಗಿ ಮುಚ್ಚಿಟ್ಟಿದ್ದಳು, ಅದಕ್ಕಾಗಿ ಊರ ಮಾತನ್ನೆಲ್ಲ ಹೊತ್ತಿದ್ದಳು. ಒಬ್ಬರ ತಪ್ಪನ್ನು ಇನ್ನೊಬ್ಬರು ಹೊರುತ್ತಾರೆಂದು ಹತ್ತು ವರ್ಷ ಮಂದಿರದಲ್ಲಿ ಕೂತು ಕೇಳಿದ್ದು ಅವಳಿಗೆ ಈಗ ಈ ಅಂಗಳದಲ್ಲಿ ತಿಳಿಯಿತು. ತಿಳಿಸಿದವಳು ಮಂದಿರದ ಮೆಟ್ಟಿಲು ಎಂದೂ ಹತ್ತದವಳು.

"ಮಾಫ ಮಾಡೀಯೇನ ಮಾಲಾ?"

"ಇವತ್ತಿಗಿವತ್ತ ಆಗೂದಲ್ರಿ ಅದು. ಎರಡ ವರ್ಷದ್ದೈತಿ. ಆದ್ರ ನೆಲದ ಮ್ಯಾಲಿಂದ ಏಳ್ರಿ, ಮಂದಿ ನೋಡಾಕತ್ತಾರ."

ರುಕ್ಮವ್ವ ಎದ್ದಳು. ಸೀರೆಯ ಮಣ್ಣು ಝಾಡಿಸಿಕೊಂಡಳು. ಎದ್ದ ಮೇಲೆ ಆಕೆ ಹಳೆಯ ರುಕ್ಮವ್ವನೇ. ನೇರವಾಗಿ ರೇಣುಕಾಳ ಮುಂದೆ ಹೋಗಿ ನಿಂತಳು. "ಬೀಗತ್ಯಾರ, ಉಡಿ ಮೊದಲ ಯಾರು ತುಂಬತಾರ್ರಿ?"

"ಪದ್ಧತಿ ಐತಲ್ರೀ, ಮುತ್ತೈದೇರು..." ರೇಣುಕಾ ತಡವರಿಸಿದಳು.

"ಆ ಪದ್ಧತಿ ಮ್ಯಾಲೆ ನೀವು ಇನ್ನೊಂದ ಮಾತ ಅಂದಿದ್ರಿ, ತಿಂದಾಕಿ ಕೈ ಅಂತ. ಅದು ನನ್ನ ಸುಳ್ಳು. ಸುಳ್ಳು ಹೋದ ಮ್ಯಾಲೆ ಉಳದದ್ದು ತಾಯಿ ಕೈ. ಗಂಡನ್ನ ಉಳಿಸಾಕ ನೋಡಿದ ಕೈ ಅದು. ಅದಕ್ಕಿಂತ ಛಲೋ ಕೈ ಹುಟ್ಟೂ ಕೂಸಿಗೆ ಎಲ್ಲಿಂದ ತರ್ತೀರಿ?"

"ಅವ್ವನ ತುಂಬಲಿ," ಎಂದಳು ಕುರ್ಚಿಯ ಮೇಲಿಂದ ನಿರ್ಮಲಾ, ಮೂಗೊರೆಸಿಕೊಂಡು. "ಇಲ್ಲಂದ್ರ ನಾ ಎದ್ದ ಬಿಡ್ತೀನಿ."

ರೇಣುಕಾ ಸೊಸೆಯನ್ನು ನೋಡಿದಳು, ರುಕ್ಮವ್ವನನ್ನು ನೋಡಿದಳು. ಇಬ್ಬರಲ್ಲಿ ಯಾರ ಜೊತೆ ವಾದ ಮಾಡಿದರೂ ಗೆಲ್ಲುವ ಹಾಗಿರಲಿಲ್ಲ. ತಟ್ಟೆಯನ್ನು ಅಡುಗೆಮನೆಯ ಕಡೆಗೆ ಚಾಚಿದಳು. "ಬರ್ರಿ ಬೀಗತಿ. ನಾ ಕೇಳಿದ್ದ ಮಾತ ಅಂದೆ, ತಪ್ಪಾತು."

ಮಾಲಾ ಕೈ ತೊಳೆದುಕೊಂಡು ಹೊಸ್ತಿಲು ದಾಟಿದಳು. ಮಗಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ ಒಂದೊಂದಾಗಿ ಹಾಕುವಾಗ ಒಂದಿಷ್ಟು ಅಕ್ಕಿ ನೆಲಕ್ಕೆ ಚೆಲ್ಲಿತು. ಯಾರೂ ಅಪಶಕುನ ಎನ್ನಲಿಲ್ಲ. ಪರಸವ್ವನೇ ಬಗ್ಗಿ ಆರಿಸಿ ಹಾಕಿ, ನಿಂತಿದ್ದ ಹಾಡನ್ನು ಮುಂದುವರಿಸಿದಳು. ಆಮೇಲೆ ರುಕ್ಮವ್ವ ತನ್ನ ಹಸಿರು ಖಣವನ್ನು ನಿರ್ಮಲಾಳ ಉಡಿಗಿಟ್ಟು ಹಿಂದೆ ಸರಿದಳು.

ಸಂಜೆಯ ಬಸ್ಸಿಗೆ ಹೊರಟಾಗ ಮಾಲಾ ಒಂದು ಅರಿವೆಯ ಗಂಟು ತಂದುಕೊಟ್ಟಳು. ಬೆಚ್ಚಗಿತ್ತು, ಈಗಷ್ಟೇ ಗಿರಣಿಯಿಂದ ಬಂದ ಹಿಟ್ಟು.

"ನಮ್ಮ ಹೊಲದ ಹೊಸ ಜೋಳದ್ದು. ನಿಮ್ಮ ರವಿವಾರದ ರೊಟ್ಟಿಗೆ."

"ಮಾಲಾ, ನಾ ಇವತ್ತ ರೊಟ್ಟಿ ಸಲುವಾಗಿ..."

"ಗೊತ್ತೈತ್ರಿ. ರೊಟ್ಟಿ ಸಲುವಾಗಿ ಬಂದಿಲ್ಲ ನೀವು. ಅದಕ್ಕ ಕೊಡಾಕತ್ತೀನಿ."

ರವಿವಾರ ಬೆಳಿಗ್ಗೆ ರುಕ್ಮವ್ವ ನೀರು ಕುದಿಸಿ ಹಿಟ್ಟಿಗೆ ಸುರಿದು ನಾದಿದಳು. ದಿನಕ್ಕೆ ನೂರು ರೊಟ್ಟಿ ಬಡಿಯುವ ಕೈ ಅದು. ಆರು ರೊಟ್ಟಿ ಬಡಿದಳು. ಒಂದೂ ಅವಳ ಎಂದಿನ ರೊಟ್ಟಿಯಂತೆ ಬರಲಿಲ್ಲ, ಅಂಚಿನಲ್ಲೆಲ್ಲ ಸೀಳು. ಅಯೂಬನಿಗೆ ಇಂಥದ್ದನ್ನು ಕೊಟ್ಟಿದ್ದರೆ ಅವನು ಆಡಿಕೊಂಡು ಹಬ್ಬ ಮಾಡುತ್ತಿದ್ದ. ಎಲ್ಲವನ್ನೂ ದನಕ್ಕೆ ಹಾಕಿ ಮತ್ತೆ ನಾದಲೇ ಎಂದುಕೊಂಡು ಹಿಟ್ಟಿನ ಗಂಟಿಗೆ ಕೈ ಹಾಕಿದಳು. ಹಾಕಿದ ಕೈ ತೆಗೆದಳು. ಬಿಳಿ ಬಟ್ಟೆಯಲ್ಲಿ ಆ ಆರನ್ನೇ ಸುತ್ತಿದಳು. ಟಂಟಂ ತಡವಾಗಿ ತಂದ ಮರೆಪ್ಪನಿಗೆ ಬೈಯುವಷ್ಟು ಬೈದು ಮಂದಿರಕ್ಕೆ ಹೋದಳು. ಮರೆಪ್ಪನಿಗೆ ಎಡಗಿವಿ ಕೇಳಿಸಲಿಲ್ಲ.

ಮೇಜಿನ ಮೇಲಿಡುವ ಮುಂಚೆ ಬೋರವ್ವ ಬೆರಳಿನಿಂದ ರೊಟ್ಟಿಯ ಅಂಚನ್ನೆಲ್ಲ ಸವರಿ ನೋಡಿದಳು. ಸೀಳು ಸಿಕ್ಕಲ್ಲಿ ಬೆರಳು ನಿಲ್ಲಿಸಿದಳು. "ಹೋಗಿ ಬಂದಿ ಹಂಗಾರ" ಎಂದಳು ಅಷ್ಟೇ. ಪಾಸ್ಟರ್ ಸಮಾಧಾನಪ್ಪ ಪ್ರಾರ್ಥಿಸಿ, ರೊಟ್ಟಿ ಎತ್ತಿ, ಆ ಸೀಳು ಇದ್ದಲ್ಲಿಂದಲೇ ಮುರಿದರು. ರುಕ್ಮವ್ವ ತನ್ನ ಪಾಲಿನ ಚೂರನ್ನು ಎರಡೂ ಕೈಯೊಡ್ಡಿ ಪಡೆದಳು. ತಮ್ಮನ ಹೊಲದ ಜೋಳ. ನಾನು ಯೋಗ್ಯಳಲ್ಲ ಎಂದು ಅವಳ ಮನಸ್ಸು ಎಂದಿನಂತೆ ಹೇಳಿತು. ಹೌದು, ಅಲ್ಲ ಎಂದು ಒಪ್ಪಿಕೊಂಡು ಬಾಯಿಗಿಟ್ಟುಕೊಂಡಳು.

ಮಧ್ಯಾಹ್ನ ಉಂಡು ಕೂತು, ಎರಡು ವರ್ಷದಿಂದ ಒತ್ತದ ನಂಬರನ್ನು ಒತ್ತಿದಳು. ರಾಜಾರಾಮನ ಫೋನನ್ನು ಈಗ ಮಾಲಾ ಇಟ್ಟುಕೊಂಡಿದ್ದಳು. ರುಕ್ಮವ್ವನ ಫೋನಿನಲ್ಲಿ ಅದರ ಹೆಸರು ಇನ್ನೂ ತಮ್ಮ ಎಂದೇ ಇತ್ತು. ನಾಲ್ಕನೆಯ ರಿಂಗಿಗೆ ಮಾಲಾ ಎತ್ತಿದಳು.

"ಹೇಳ್ರಿ ಅಕ್ಕಾರ. ಉಂಡ್ರಿ?"

"ಉಂಡೆ. ನಿರ್ಮಲಾ ಹೆಂಗದಾಳ?"

"ಛಲೋ ಅದಾಳ. ರೊಟ್ಟಿ ಹೆಂಗಾದ್ವು?"

"ಸೀಳಿದ್ವು ನೋಡು, ಎಲ್ಲಾ."

"ಹೊಸ ಜೋಳರಿ ಅದು. ನೀರ ಕಡಿಮಿ ಹಾಕೀರಿ ನೀವು."

ಮೂವತ್ತು ವರ್ಷದಿಂದ ರೊಟ್ಟಿ ಬಡಿದ ರುಕ್ಮವ್ವನಿಗೆ ಎಸರಿನ ಅಳತೆ ಹೇಳಿಕೊಟ್ಟವರು ಇಬ್ರಾಹಿಂಪುರದಲ್ಲಿ ಒಬ್ಬರೂ ಇಲ್ಲ. ಇದ್ದಿದ್ದರೆ ಅವರು ಆಮೇಲೆ ಆ ಓ‍ಣಿಯಲ್ಲಿ ಇರುತ್ತಿರಲಿಲ್ಲ. ಉತ್ತರ ಸಿದ್ಧವಾಗಿ ನಾಲಿಗೆಯ ತುದಿಗೆ ಬಂದು ನಿಂತಿತ್ತು, ಬಹಳ ಒಳ್ಳೆಯ ಉತ್ತರ. ಮರೆಪ್ಪ ಎರಡೂ ಕಿವಿ ತೆರೆದು ಕಾಯುತ್ತಿದ್ದ.

ರುಕ್ಮವ್ವ ಅದನ್ನು ನುಂಗಿದಳು. "ಹೌದವಾ," ಎಂದಳು, "ನಿನಗ ತಿಳಿತೈತಿ. ಎಷ್ಟ ಹಾಕಬೇಕು ಹೇಳು."